ದಾರಿ ತಪ್ಪಿ ನಿರ್ಬಂಧಿತ ಜಾಗಕ್ಕೆ ಹೋದರೆ: ಮಲೆನಾಡು, ಕರಾವಳಿ ಸುತ್ತುವವರು ಪದೇ ಪದೇ ಕೇಳುವ ಪ್ರಶ್ನೆಗಳು

ರಜೆ ಶುರುವಾದರೆ ಸಾಕು, ನನ್ನ ಫೋನಿಗೆ ಒಂದೇ ಥರದ ಕರೆಗಳು. ಚಿಕ್ಕಮಗಳೂರಿಗೋ ಸಕಲೇಶಪುರಕ್ಕೋ ಹೋದ ನೆಂಟರು, ಸ್ನೇಹಿತರು, ಅವರ ಸ್ನೇಹಿತರು. "ಸುಮ್ನೆ ಸ್ವಲ್ಪ ಮುಂದೆ ನಡ್ಕೊಂಡು ಹೋದ್ವಿ. ಅದು ಅರಣ್ಯ ಇಲಾಖೆ ಜಾಗವಂತೆ. ಹೆಸರು, ನಂಬರ್ ಬರ್ಕೊಂಡಿದಾರೆ. ಏನಾಗುತ್ತೆ?"

ನಾನು ತುಂಬಾ ವರ್ಷದಿಂದ ಘಟ್ಟದಲ್ಲಿ ಓಡಾಡುತ್ತಿದ್ದೇನೆ. ಒಂದು ಸಲ ನಾನೇ ಹೀಗೆ ಸಿಕ್ಕಿಕೊಂಡಿದ್ದೇನೆ. ಆಮೇಲೆ ಅರಣ್ಯ ಸಿಬ್ಬಂದಿಯನ್ನು, ಪರಿಚಯದ ವಕೀಲರನ್ನು ಕೇಳಿ ತಿಳಿದುಕೊಂಡದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಾನು ವಕೀಲನಲ್ಲ. ನಿಮ್ಮ ಮೇಲೆ ಕೇಸ್ ದಾಖಲಾಗಿದ್ದರೆ ದಯವಿಟ್ಟು ವಕೀಲರನ್ನೇ ನೋಡಿ.

ಬೋರ್ಡೇ ಇರಲಿಲ್ಲ. ಹಾಗಿದ್ದರೂ ಅದು ನಿರ್ಬಂಧಿತ ಜಾಗ ಹೇಗಾಗುತ್ತದೆ?

ಕಾಡಿನ ಗಡಿ ಕಾಗದದ ಮೇಲೆ ಗೊತ್ತಾಗಿರುತ್ತದೆ. ನೆಲದ ಮೇಲೆ ಅದು ಒಂದು ಗಡಿಕಲ್ಲಾಗಿರಬಹುದು, ಆನೆ ಕಂದಕವಾಗಿರಬಹುದು, ಸೋಲಾರ್ ಬೇಲಿಯಾಗಿರಬಹುದು. ಎಷ್ಟೋ ಕಡೆ ಏನೂ ಇರುವುದಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಒಂದೇ ಸುಮಾರು 600 ಚದರ ಕಿಲೋಮೀಟರ್ ಇದೆ. ಅದರ ಸುತ್ತ ಅಡಿ ಅಡಿಗೂ ಬೋರ್ಡ್ ನೆಡಲು ಆಗುವುದಿಲ್ಲ. ನೆಟ್ಟ ಬೋರ್ಡನ್ನೂ ಮಳೆಗಾಲ ಉಳಿಸುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದೊಳಗೆ ಹೋಗಲು ಕೆಲವರಿಗೆ ಮಾತ್ರ ಅವಕಾಶ. ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ಒಳಗೆ ಜಮೀನು ಅಥವಾ ಮನೆ ಇರುವವರು, ಅವರ ಮನೆಯವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು, ಪರವಾನಗಿ ಪಡೆದವರು. ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಪ್ರವಾಸಿಗರು ಈ ಕೊನೆಯ ಗುಂಪಿಗೆ ಸೇರುತ್ತಾರೆ. ಅಂದರೆ ಪರವಾನಗಿ ಇದ್ದರೆ ಮಾತ್ರ ಒಳಗೆ. ಅಭಯಾರಣ್ಯ ಅಲ್ಲದ ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಅಲ್ಲಿಯೂ ಅನುಮತಿ ಇಲ್ಲದೆ ನುಗ್ಗುವುದು ಅಪರಾಧವೇ.

ದಾರಿ ಚೆನ್ನಾಗಿಯೇ ಇತ್ತಲ್ಲ? ಯಾರೋ ನಡೆದಾಡಿದ ಹಾಗಿತ್ತು.

ಜನ ಜಾಸ್ತಿ ಮೋಸ ಹೋಗುವುದು ಇಲ್ಲೇ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಾಡಿನಲ್ಲಿ ನೋಡಲು ಚೆಂದ ಕಾಣುವ ದಾರಿ ಬಹಳ ಸಲ ಮನುಷ್ಯರು ತಿರುಗಾಡಲು ಮಾಡಿದ್ದಲ್ಲ. ಬೇಸಿಗೆ ಬರುವ ಮುಂಚೆ ಅರಣ್ಯ ಇಲಾಖೆಯವರು ಬೆಂಕಿ ರೇಖೆ ಮಾಡುತ್ತಾರೆ. ಒಂದು ಕಡೆ ಹತ್ತಿದ ಬೆಂಕಿ ಇನ್ನೊಂದು ಕಡೆ ದಾಟಬಾರದು ಅಂತ ಹುಲ್ಲು, ಪೊದೆ ಸವರಿ, ಉದ್ದಕ್ಕೆ ಒಂದು ಪಟ್ಟಿ ಬೋಳು ಮಾಡಿ ಬಿಡುತ್ತಾರೆ. ಹೊಸಬರ ಕಣ್ಣಿಗೆ ಅದು ಅಚ್ಚುಕಟ್ಟಾದ ವಾಕಿಂಗ್ ದಾರಿ. ಗುಡ್ಡದ ಹುಲ್ಲುಗಾವಲಲ್ಲಿ ದನ ತಿರುಗಾಡಿ ಬಿದ್ದ ಜಾಡು ಇರುತ್ತದೆ. ಅದು ಶೋಲಾ ಕಾಡಿನ (ಗುಡ್ಡದ ಕಣಿವೆಯಲ್ಲಿರುವ ದಟ್ಟ ಕಾಡು) ಅಂಚಿಗೆ ಹೋಗಿ ಕಾಣೆಯಾಗುತ್ತದೆ. ಇನ್ನು ಆನೆ ದಾರಿ. ಅದರಷ್ಟು ಅಗಲ, ಅದರಷ್ಟು ಸಲೀಸಾದ ಏರು ಕಾಡಿನಲ್ಲಿ ಇನ್ನೊಂದಿಲ್ಲ.

ಏಳೆಂಟು ವರ್ಷದ ಹಿಂದೆ, ಜನವರಿ ಕೊನೆಯಲ್ಲಿ, ಮೂಡಿಗೆರೆ ಕಡೆ ನಾವು ನಾಲ್ಕು ಜನ ಇಂಥದೇ ಬೆಂಕಿ ರೇಖೆ ಹಿಡಿದು ಒಳಗೆ ಹೋದೆವು. ಫೋನಿನ ಮ್ಯಾಪಿನಲ್ಲಿ ಅಲ್ಲೊಂದು ಸಣ್ಣ ಗೆರೆ ಕಾಣುತ್ತಿತ್ತು. ಅದನ್ನೇ ನಂಬಿದೆವು. ಮುಕ್ಕಾಲು ಗಂಟೆ ನಡೆದ ಮೇಲೆ ದಾರಿ ಮಧ್ಯೆ ಆನೆ ಲದ್ದಿ ಸಿಕ್ಕಿತು. ಇನ್ನೂ ಹಸಿ, ಮೇಲೆ ಹಬೆ ಆಡುತ್ತಿತ್ತು. ಪಕ್ಕದ ಬಿದಿರು ಆಗಷ್ಟೇ ಮುರಿದು ಬಿದ್ದಿತ್ತು. ಮುರಿದ ಜಾಗದಲ್ಲಿ ನೀರು ಇನ್ನೂ ಒಸರುತ್ತಿತ್ತು.

ಅಲ್ಲೇ ನಿಂತೆವು. ಅಷ್ಟರಲ್ಲಿ ಅರಣ್ಯ ಇಲಾಖೆಯ ಒಬ್ಬ ವಾಚರ್ ಬಂದರು. ಕೈಯಲ್ಲಿ ಮಚ್ಚು, ಹೆಗಲಿಗೆ ಬುತ್ತಿ ಚೀಲ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಮೊದಲು ಕೇಳಿದ್ದು ಎರಡೇ ಮಾತು. "ಎಷ್ಟ್ ಜನ ಇದೀರಿ? ಹಿಂದೆ ಯಾರಾದ್ರೂ ಉಳ್ಕೊಂಡಿದಾರಾ?" ನಾಲ್ಕೂ ಜನರನ್ನು ಬೆರಳು ಮಾಡಿ ಎಣಿಸಿದರು. ಮರಿ ಇರುವ ಹಿಂಡು ಕೆಳಗೆ ಹಳ್ಳದ ಹತ್ತಿರ ಇದೆ, ಮಾತಾಡಬೇಡಿ ಎಂದು ಕೈಯಲ್ಲೇ ತೋರಿಸಿದರು. ನಮ್ಮನ್ನು ಮುಂದೆ ಬಿಟ್ಟು, ತಾವು ಹಿಂದೆ ನಡೆದು ರಸ್ತೆಯವರೆಗೂ ತಂದು ಬಿಟ್ಟರು. ಅವರ ಮಧ್ಯಾಹ್ನದ ಊಟ ನಮ್ಮಿಂದ ತಪ್ಪಿತು. ಕಚೇರಿಯಲ್ಲಿ ಹೆಸರು, ವಿಳಾಸ ಬರೆಸಿಕೊಂಡು ಎಚ್ಚರಿಕೆ ಕೊಟ್ಟು ಕಳಿಸಿದರು. ಆ ದಿನದಿಂದ ನನಗೆ ಈ ವಿಷಯದಲ್ಲಿ ಬೇರೆ ಥರದ ಕಾಳಜಿ ಬಂತು. ನಾವು ದಾರಿ ತಪ್ಪಿದರೆ ನಮ್ಮನ್ನು ಹುಡುಕಲು ಆ ಕಾಡಿಗೆ ಇಳಿಯುವವರು ಇಂಥವರೇ.

ತಪ್ಪು ಜಾಗಕ್ಕೆ ಬಂದಿದ್ದೇವೆ ಅಂತ ಅನುಮಾನ ಬಂದ ತಕ್ಷಣ ಏನು ಮಾಡಬೇಕು?

ನಿಂತುಬಿಡಿ. ಬಂದ ದಾರಿಯಲ್ಲೇ ವಾಪಸ್ ಹೊರಡಿ. "ಇಲ್ಲಿಂದ ಇಳಿದರೆ ರಸ್ತೆ ಹತ್ತಿರ" ಅನ್ನುವ ಆಸೆ ಬೇಡ. ಮಲೆನಾಡಿನ ಇಳಿಜಾರು ಮೇಲಿನಿಂದ ನೋಡಿದರೆ ಹುಲ್ಲು ಹಾಸಿದಂತೆ ಕಾಣುತ್ತದೆ. ಅರ್ಧ ಇಳಿದ ಮೇಲೆ ಕೆಳಗೆ ಬಂಡೆ. ಆಗ ಹತ್ತಲೂ ಆಗುವುದಿಲ್ಲ, ಇಳಿಯಲೂ ಆಗುವುದಿಲ್ಲ.

ಎಲ್ಲರೂ ಒಟ್ಟಿಗಿರಿ, ಮಕ್ಕಳು ಮಧ್ಯೆ ಇರಲಿ. ಬೀಡಿ, ಸಿಗರೇಟು, ಸ್ಟವ್ ಯಾವುದನ್ನೂ ಹಚ್ಚಬೇಡಿ. ಕಾಡಿಗೆ ಬೆಂಕಿ ತಗುಲಿಸುವುದು ಬೇರೆಯೇ ಅಪರಾಧ, ಬಹಳ ದೊಡ್ಡದು. ಫೋಟೋ ತೆಗೆಯುತ್ತಾ ನಿಲ್ಲಬೇಡಿ. ಲದ್ದಿ ಹಸಿಯಾಗಿದ್ದರೆ, ಬಿದಿರು ಲಟಪಟ ಮುರಿಯುವ ಸದ್ದು ಕೇಳಿದರೆ ಮಾತು ನಿಲ್ಲಿಸಿ ಹಿಂದೆ ಸರಿಯಿರಿ. ಶಿಳ್ಳೆ ಹೊಡೆಯುವುದು, ಕಲ್ಲು ತೂರುವುದು ಬೇಡವೇ ಬೇಡ.

ದಾರಿ ಗೊತ್ತಾಗುತ್ತಿಲ್ಲ, ಕತ್ತಲಾಗುತ್ತಿದೆ ಎಂದರೆ ದಂಡದ ಭಯಕ್ಕೆ ಸುಮ್ಮನೆ ಕೂರಬೇಡಿ. 112ಕ್ಕೆ ಕರೆ ಮಾಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926 ಕೂಡ ಇದೆ. ನಾಲ್ಕು ಗಂಟೆಗೆ ಹೇಳಿದರೆ ಬೆಳಕಿರುವಾಗಲೇ ಹುಡುಕಲು ಬರುತ್ತಾರೆ. ಏಳು ಗಂಟೆಗೆ ಹೇಳಿದರೆ ಅವರು ಟಾರ್ಚ್ ಹಿಡಿದು ಆನೆ ಇರುವ ಕಾಡಿಗೆ ಇಳಿಯಬೇಕು.

ವಾಚರ್ ಅಥವಾ ಗಾರ್ಡ್ ಎದುರಾದರೆ ಏನು ಹೇಳಬೇಕು?

ನಿಜ ಹೇಳಿ. ಎಲ್ಲಿಂದ ಬಂದಿರಿ, ಎಷ್ಟು ಜನ, ಎಲ್ಲಿ ಉಳಿದಿದ್ದೀರಿ. ಓಡಬೇಡಿ. ಓಡಿದರೆ ಕಳ್ಳಬೇಟೆಯವರು ಅಂತಲೇ ಅನುಮಾನ ಪಡುತ್ತಾರೆ, ಅದು ತಪ್ಪೂ ಅಲ್ಲ. "ನಮಗೆ ದೊಡ್ಡವರು ಗೊತ್ತು" ಅನ್ನುವ ಮಾತು ತೆಗೆದರೆ ಇದ್ದ ಸಹಾನುಭೂತಿಯೂ ಹೋಗುತ್ತದೆ. ಗುಂಪಿನಲ್ಲಿ ಯಾರೋ ಒಬ್ಬರು ಹಿಂದೆ ಉಳಿದಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ.

ದಾರಿ ತಪ್ಪಿದ್ದಕ್ಕೂ ಶಿಕ್ಷೆ ಇದೆಯಾ? ದಂಡ ಎಷ್ಟು?

ಇದಕ್ಕೆ ಒಂದೇ ಅಂಕಿ ಹೇಳಲು ಬರುವುದಿಲ್ಲ. ಪುಸ್ತಕದಲ್ಲಿ ಇರುವುದು ಇಷ್ಟು: ವನ್ಯಜೀವಿ ಕಾಯ್ದೆಯ ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಮೊದಲು ಈ ದಂಡ 25,000 ರೂಪಾಯಿವರೆಗೆ ಇತ್ತು. 2022ರ ತಿದ್ದುಪಡಿಯಲ್ಲಿ 1 ಲಕ್ಷದವರೆಗೆ ಏರಿಸಿದರು. ಪ್ರಾಣಿಗಳಿಗೆ ಕೀಟಲೆ ಮಾಡುವುದು, ಅಭಯಾರಣ್ಯದಲ್ಲಿ ಕಸ ಎಸೆಯುವುದು ಕೂಡ ಇದೇ 27ನೇ ಸೆಕ್ಷನ್ ಒಳಗೇ ಬರುತ್ತದೆ. ಎಷ್ಟೋ ಜನರಿಗೆ ಇದು ಗೊತ್ತಿಲ್ಲ.

"ಕಾನೂನು ಗೊತ್ತಿರಲಿಲ್ಲ" ಅನ್ನುವುದು ನೆವ ಆಗುವುದಿಲ್ಲ. ಆದರೆ "ದಾರಿ ತಪ್ಪಿತು" ಅನ್ನುವುದನ್ನು ಅಧಿಕಾರಿಗಳು ಖಂಡಿತ ತೂಗಿ ನೋಡುತ್ತಾರೆ. ಗೇಟು ಹಾರಿದ್ದೀರಾ, ಬೇಲಿ ಸರಿಸಿದ್ದೀರಾ, ಜೊತೆಗೆ ಏನಿತ್ತು, ಎಷ್ಟು ಹೊತ್ತು ಒಳಗಿದ್ದಿರಿ ಎಂಬುದರ ಮೇಲೆ ಅವರ ತೀರ್ಮಾನ. ಚಪ್ಪಲಿ ಹಾಕಿಕೊಂಡು ಮಗುವನ್ನು ಎತ್ತಿಕೊಂಡು ನಿಂತ ಕುಟುಂಬವನ್ನೂ, ಟೆಂಟು, ಕಟ್ಟಿಗೆ, ಬಾಟಲಿ ಸಮೇತ ಸಿಕ್ಕ ಗುಂಪನ್ನೂ ಅವರು ಒಂದೇ ಥರ ನೋಡುವುದಿಲ್ಲ. ಮೊದಲನೆಯವರಿಗೆ ಸಾಮಾನ್ಯವಾಗಿ ಎಚ್ಚರಿಕೆ. ಎರಡನೆಯವರಿಗೆ ಕೇಸ್.

ದಂಡ ಕಟ್ಟಿ ಅಲ್ಲಿಗೇ ಮುಗಿಸಬಹುದಾ?

ಕೆಲವು ಪ್ರಕರಣಗಳನ್ನು ರಾಜಿ ದಂಡ ಕಟ್ಟಿಸಿಕೊಂಡು ಮುಗಿಸುವ ಅವಕಾಶ ಕಾಯ್ದೆಯಲ್ಲೇ ಇದೆ. ಆ ಅಧಿಕಾರ ಇರುವುದು ಮೇಲಿನ ಅಧಿಕಾರಿಗಳಿಗೆ. ದಾರಿಯಲ್ಲಿ ಸಿಕ್ಕ ಸಿಬ್ಬಂದಿ ಅಲ್ಲೇ ನಿಂತು ತೀರ್ಮಾನ ಮಾಡುವ ವಿಷಯ ಅಲ್ಲ. ದುಡ್ಡು ಕಟ್ಟಿದರೆ ರಶೀದಿ ಕೇಳಿ. ರಶೀದಿ ಕೊಡುವುದಿಲ್ಲ ಎಂದರೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಬಂದು ಕಟ್ಟುತ್ತೇನೆ ಎಂದು ಮರ್ಯಾದೆಯಿಂದಲೇ ಹೇಳಿ. ನೀವಾಗಿಯೇ ನೋಟು ಚಾಚಬೇಡಿ. ಅದು ಇನ್ನೊಂದು ತಪ್ಪಾಗುತ್ತದೆ.

ಕ್ಯಾಮೆರಾ, ಗಾಡಿ ತೆಗೆದುಕೊಳ್ಳಬಹುದಾ? ನಮ್ಮನ್ನು ಹಿಡಿದಿಟ್ಟುಕೊಂಡರೆ?

50ನೇ ಸೆಕ್ಷನ್ ಪ್ರಕಾರ ಅಧಿಕಾರ ಇರುವ ಅರಣ್ಯ ಸಿಬ್ಬಂದಿ ತಡೆದು ನಿಲ್ಲಿಸಬಹುದು, ಚೀಲ ಮತ್ತು ಗಾಡಿ ತಪಾಸಣೆ ಮಾಡಬಹುದು, ಅಪರಾಧಕ್ಕೆ ಬಳಸಿದ್ದು ಎನಿಸಿದರೆ ಗಾಡಿ ವಶಕ್ಕೆ ಪಡೆಯಬಹುದು, ವಾರಂಟ್ ಇಲ್ಲದೆ ಬಂಧಿಸಲೂಬಹುದು. ಜೀಪು, ಬೈಕು ಓಡಿಸಿಕೊಂಡು ಒಳಗೆ ಹೋದವರಿಗೆ ಇದು ನಿಜವಾದ ತೊಂದರೆ. ಗಾಡಿ ಬಿಡಿಸಿಕೊಳ್ಳಲು ಕೋರ್ಟಿಗೆ ಅಲೆಯಬೇಕಾಗಬಹುದು.

ಹಾಗೆಯೇ ನಿಮಗೂ ಹಕ್ಕುಗಳಿವೆ. ಬಂಧಿಸಿದರೆ ಕಾರಣ ಹೇಳಬೇಕು. ಮನೆಯವರಿಗೆ ತಿಳಿಸಬೇಕು. ವಕೀಲರನ್ನು ಕಾಣಲು ಬಿಡಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಕಾರಣ, ವಕೀಲರು, 24 ಗಂಟೆ, ಈ ಮೂರು ಸಂವಿಧಾನದ 22ನೇ ವಿಧಿಯಲ್ಲೇ ಇವೆ. ವಶಕ್ಕೆ ಪಡೆದ ವಸ್ತುಗಳ ಪಟ್ಟಿ ಬರೆಸಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಲು ಸಂಕೋಚ ಬೇಡ.

ಸಕಲೇಶಪುರದ ರೈಲು ಹಳಿ ಮೇಲೆ ನಡೆಯುವುದು ಈಗಲೂ ಮಾಡಬಹುದಾ? ಹಳೇ ಫೋಟೋ ತುಂಬಾ ನೋಡಿದ್ದೇವೆ.

ಇಲ್ಲ. ಬೇಡ. ಇದನ್ನು ಕೇಳಿದವರಿಗೆಲ್ಲ ಕೈಮುಗಿದು ಹೇಳುತ್ತೇನೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಾಟ್ ಹಾದಿಯಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಏರು 50 ಅಡಿಗೆ 1 ಅಡಿ. ಮೊದಲು ಮೀಟರ್ ಗೇಜ್ ಇತ್ತು. ಅದನ್ನು ಬ್ರಾಡ್ ಗೇಜ್ ಮಾಡುವಾಗ ವರ್ಷಗಟ್ಟಲೆ ರೈಲು ನಿಂತಿತ್ತು. ಹಳಿ ಮೇಲೆ ನಡೆದು ಕಾಡಿನ ಮಧ್ಯದ ಎಡಕುಮೇರಿ ನಿಲ್ದಾಣಕ್ಕೆ ಹೋಗುವ ಅಭ್ಯಾಸ ಆಗ ಜೋರಾಯಿತು. ನಮ್ಮ ಅಣ್ಣಂದಿರ ಆಲ್ಬಮ್ಮುಗಳಲ್ಲಿ ಇರುವ ಫೋಟೋಗಳು ಆ ಕಾಲದವು. ಗೂಡ್ಸ್ ರೈಲು 2006ರಲ್ಲಿ, ಪ್ರಯಾಣಿಕರ ರೈಲು 2007ರ ಕೊನೆಗೆ ಮತ್ತೆ ಶುರುವಾದವು.

ಸುರಂಗದ ಒಳಗೆ ನಿಂತು ನೋಡಿದವರಿಗೆ ಗೊತ್ತು. ಗೋಡೆಗೂ ಬೋಗಿಗೂ ನಡುವೆ ಒಬ್ಬ ಮನುಷ್ಯ ನೆಮ್ಮದಿಯಾಗಿ ನಿಲ್ಲುವಷ್ಟು ಜಾಗ ಇಲ್ಲ. ಗ್ಯಾಂಗ್‌ಮನ್‌ಗಳು ಸರಿದು ನಿಲ್ಲಲಿ ಅಂತ ಅಲ್ಲಲ್ಲಿ ಗೋಡೆಯಲ್ಲಿ ಗೂಡು ಮಾಡಿರುತ್ತಾರೆ. ಅದು ಎಲ್ಲಿದೆ ಅಂತ ಕತ್ತಲಲ್ಲಿ ಅವರಿಗೆ ಗೊತ್ತಿರುತ್ತದೆ, ನಿಮಗೆ ಗೊತ್ತಿರುವುದಿಲ್ಲ. ಸೇತುವೆ ಮೇಲೂ ಅಷ್ಟೇ. ಮಳೆ, ಹಳ್ಳದ ಸದ್ದಿನಲ್ಲಿ ಇಳಿಜಾರಿನಲ್ಲಿ ಬರುವ ರೈಲು ತಿರುವು ದಾಟುವವರೆಗೆ ಕೇಳಿಸುವುದೇ ಇಲ್ಲ. ಗುಡ್ಡ ಕುಸಿಯುವ ಭಯ ಬೇರೆ. 2024ರ ಜುಲೈನಲ್ಲಿ ಕಡಗರವಳ್ಳಿ, ಎಡಕುಮೇರಿ ನಡುವೆ ಹಳಿ ಕೆಳಗಿನ ಮಣ್ಣೇ ಜಾರಿ ವಾರಗಟ್ಟಲೆ ಸಂಚಾರ ನಿಂತಿತ್ತು.

1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅತಿಕ್ರಮ ಪ್ರವೇಶಕ್ಕೆ 6 ತಿಂಗಳವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿ ತಾನೆ ಅಂತ ಅಂದುಕೊಳ್ಳಬೇಡಿ, ಕೋರ್ಟಿಗೆ ಹೋಗಿ ಬರಬೇಕಾಗುತ್ತದೆ. ದೂಧ್‌ಸಾಗರಕ್ಕೂ ಇದೇ ನಿಯಮ. 2023ರ ಜುಲೈನಲ್ಲಿ ಹಳಿ ಮೇಲೆ ನಡೆದು ಜಲಪಾತ ನೋಡಲು ಹೋದವರನ್ನು ರೈಲ್ವೆ ಪೊಲೀಸರು ತಡೆದು ನಿಲ್ಲಿಸಿದ ವಿಡಿಯೋ ಎಲ್ಲರೂ ನೋಡಿರುತ್ತೀರಿ.

ಆ ಕಾಡು ನೋಡಲೇಬೇಕು ಎಂದರೆ ಬೆಂಗಳೂರು–ಮಂಗಳೂರು ನಡುವಿನ ಹಗಲು ರೈಲು ಹತ್ತಿ. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯನ್ನು 2021ರಲ್ಲಿ ಈ ಹಾದಿಗೆ ತಂದರು. ಅದರಲ್ಲಿ ಸೀಟು ಸಿಗದಿದ್ದರೂ ಕಿಟಕಿ ಪಕ್ಕ ಕೂತರೆ ಸಾಕು.

ಬಂಡೀಪುರದ ರಸ್ತೆ ಸಾರ್ವಜನಿಕ ರಸ್ತೆ ತಾನೆ? ಇಳಿದು ಫೋಟೋ ತೆಗೆದರೆ ತಪ್ಪೇನು?

ರಸ್ತೆ ಹಾದುಹೋಗಲು. ಇಳಿದು ಪಕ್ಕಕ್ಕೆ ಹೆಜ್ಜೆ ಇಟ್ಟರೆ ನೀವು ಹುಲಿ ಸಂರಕ್ಷಿತ ಪ್ರದೇಶದ ಒಳಗಿದ್ದೀರಿ. 2025ರ ಆಗಸ್ಟ್‌ನಲ್ಲಿ ಹೀಗೆ ಕಾರಿಂದ ಇಳಿದು ಆನೆ ಫೋಟೋ ತೆಗೆಯಲು ಹೋದ ಒಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಬೀಳಿಸಿತು. ಜೀವ ಉಳಿದದ್ದೇ ಹೆಚ್ಚು. ಇಲಾಖೆ ಅವರಿಗೆ 25,000 ರೂಪಾಯಿ ದಂಡ ಹಾಕಿತು.

ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗುಂಡ್ಲುಪೇಟೆಯಿಂದ ಊಟಿ ಕಡೆಗೂ, ಸುಲ್ತಾನ್ ಬತ್ತೇರಿ ಕಡೆಗೂ ಹೋಗುವ ರಸ್ತೆ ಬಂದ್. 2009ರಿಂದ ಇದೇ ನಿಯಮ. ಆಂಬುಲೆನ್ಸ್, ಕೆಲವೇ ಬಸ್ಸುಗಳಿಗೆ ಮಾತ್ರ ವಿನಾಯಿತಿ. ಒಂಬತ್ತಕ್ಕೆ ಹತ್ತು ನಿಮಿಷ ಇದೆ ಅಂತ ಗಾಡಿ ಓಡಿಸಿಕೊಂಡು ಹೋಗುವ ಬದಲು ಗುಂಡ್ಲುಪೇಟೆಯಲ್ಲೇ ಉಳಿಯಿರಿ.

ಕಾರವಾರದ ಹತ್ತಿರ ಸಮುದ್ರದ ಫೋಟೋ ತೆಗೆಯುವಾಗ ನೌಕಾಪಡೆಯವರು ತಡೆದರು. ಯಾಕೆ?

ಅಂಕೋಲಾದಿಂದ ಕಾರವಾರಕ್ಕೆ ಹೋಗುವಾಗ ಹೆದ್ದಾರಿ ಪಕ್ಕ ಉದ್ದಕ್ಕೂ ಗೋಡೆ ಕಾಣುತ್ತದಲ್ಲ, ಅದು ಐಎನ್‌ಎಸ್ ಕದಂಬ, ಸೀಬರ್ಡ್ ನೌಕಾನೆಲೆ. 1923ರ ಅಧಿಕೃತ ರಹಸ್ಯ ಕಾಯ್ದೆಯಲ್ಲಿ ಇಂಥ ಜಾಗಗಳನ್ನು ನಿಷೇಧಿತ ಸ್ಥಳ ಎನ್ನುತ್ತಾರೆ. ದೇಶದ ಹಿತಕ್ಕೆ ವಿರುದ್ಧವಾದ ಉದ್ದೇಶದಿಂದ ಅಲ್ಲಿ ಸುಳಿದಾಡಿದರೆ, ಚಿತ್ರ ತೆಗೆದರೆ 14 ವರ್ಷದವರೆಗೆ ಶಿಕ್ಷೆ ಆಗಬಹುದು. ಗೊತ್ತಿಲ್ಲದೆ ಫೋಟೋ ತೆಗೆದ ಪ್ರವಾಸಿಗೆ ಅಷ್ಟು ಆಗುವುದಿಲ್ಲ. ಆದರೆ ವಿಚಾರಣೆ ಗಂಟೆಗಟ್ಟಲೆ ಹಿಡಿಯಬಹುದು. ತಡೆದರೆ ಫೋನ್ ಅನ್‌ಲಾಕ್ ಮಾಡಿ ತೋರಿಸಿ, ಅಳಿಸಿ ಎಂದರೆ ಅಳಿಸಿ. ಅವರು ನೋಡುವ ಮುಂಚೆ ನೀವೇ ಅವಸರದಲ್ಲಿ ಅಳಿಸಬೇಡಿ, ಅನುಮಾನ ಜಾಸ್ತಿಯಾಗುತ್ತದೆ.

ಅಂಜದೀಪ ದ್ವೀಪಕ್ಕೂ ದೋಣಿ ಮಾಡಿಕೊಂಡು ಹೋಗುವ ಯೋಚನೆ ಬೇಡ, ಅದೂ ನೌಕಾಪಡೆಯ ವಶದಲ್ಲಿದೆ. ಮಕ್ಕಳಿಗೆ ಯುದ್ಧನೌಕೆ ತೋರಿಸಬೇಕೆಂದರೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಇದೆ. ಹಳೇ ಕ್ಷಿಪಣಿ ನೌಕೆ, ಈಗ ವಸ್ತುಸಂಗ್ರಹಾಲಯ. ಒಳಗೆ ಹತ್ತಿ ನೋಡಬಹುದು.

ಡ್ರೋನ್ ಹಾರಿಸಿದೆವು. ನಾವು ಒಳಗೆ ಕಾಲಿಟ್ಟಿಲ್ಲ.

ಡ್ರೋನ್ ಕಾಲಿಟ್ಟ ಹಾಗೇ ಲೆಕ್ಕ. 2021ರ ಡ್ರೋನ್ ನಿಯಮಗಳಲ್ಲಿ ಕೆಂಪು, ಹಳದಿ, ಹಸಿರು ವಲಯ ಅಂತ ಇದೆ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಬಹುದು. ನೌಕಾನೆಲೆ, ಕೈಗಾ ಅಣುಸ್ಥಾವರದಂಥ ಜಾಗದ ಹತ್ತಿರ ತೆಗೆಯಲೇಬೇಡಿ. ಅಭಯಾರಣ್ಯದ ಮೇಲೆ, ಹಂಪಿಯಂಥ ಸ್ಮಾರಕದ ಮೇಲೆ ಹಾರಿಸಲು ಆಯಾ ಇಲಾಖೆಯ ಅನುಮತಿ ಬೇಕು.

ಮಳೆಗಾಲದಲ್ಲಿ ಜಲಪಾತದ ಹತ್ತಿರ ಹಗ್ಗ ಕಟ್ಟಿರುತ್ತಾರೆ. ಎಲ್ಲರೂ ದಾಟುತ್ತಾರಲ್ಲ?

ದಾಟಬೇಡಿ. ಹೋದ ವರ್ಷ ಯಾರೋ ಬಿದ್ದಿದ್ದಕ್ಕೇ ಈ ವರ್ಷ ಹಗ್ಗ ಬಂದಿರುತ್ತದೆ. 2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿ ಜಲಪಾತದಲ್ಲಿ ಬಂಡೆ ಮೇಲೆ ನಿಂತಿದ್ದ ಯುವಕ ಜಾರಿ ಬಿದ್ದ. ಶವ ಸಿಗಲು ಒಂದು ವಾರ ಹಿಡಿಯಿತು. ಹುಡುಕುವವರು ಅಷ್ಟೂ ದಿನ ಆ ನೀರಿಗೆ ಇಳಿದಿದ್ದರು. ಮಳೆ ನಿಂತ ಬಂಡೆ ಮೇಲೆ ಪಾಚಿ ಕಣ್ಣಿಗೆ ಕಾಣುವುದಿಲ್ಲ, ಕಾಲಿಟ್ಟ ಮೇಲೇ ಗೊತ್ತಾಗುವುದು.

ಜಿಲ್ಲಾಡಳಿತ ನಿಷೇಧ ಹೊರಡಿಸಿದ್ದರೆ ಅದನ್ನು ಮೀರುವುದು ಈಗಿನ ಭಾರತೀಯ ನ್ಯಾಯ ಸಂಹಿತೆಯ 223ನೇ ಸೆಕ್ಷನ್ ಅಡಿ ಅಪರಾಧ. ಹಿಂದೆ ಇದೇ ಐಪಿಸಿ 188 ಆಗಿತ್ತು.

ಕಾಫಿ ತೋಟದೊಳಗೆ ಹೋಗಿಬಿಟ್ಟೆವು. ಅದೂ ಕೇಸಾ?

ತೋಟದವರ ಸ್ವಂತ ಜಾಗ. ಕೆಟ್ಟ ಉದ್ದೇಶ ಇಲ್ಲದೆ ಹೋದರೆ ಕ್ರಿಮಿನಲ್ ಅತಿಕ್ರಮ ಆಗುವುದು ಕಷ್ಟ. ಆದರೂ ಹೊರಗೆ ಹೋಗಿ ಎಂದರೆ ಹೊರಗೆ ಬರಬೇಕು. ತೋಟದ ಕೊನೆಯಲ್ಲಿ ಕರೆಂಟ್ ಬೇಲಿ ಇರಬಹುದು, ಕಾವಲಿಗೆ ನಾಯಿ ಇರಬಹುದು, ಸ್ಪ್ರೇ ಹೊಡೆದ ದಿನ ಆಗಿರಬಹುದು. "ಅಣ್ಣಾ, ದಾರಿ ತಪ್ಪಿ ಬಂದ್ವಿ, ರಸ್ತೆ ಯಾವ ಕಡೆ?" ಎಂದು ಕೇಳಿದರೆ ಮಲೆನಾಡಿನಲ್ಲಿ ಯಾರೂ ಬೈದು ಕಳಿಸುವುದಿಲ್ಲ. ಕಾಫಿ ಕುಡಿದು ಹೋಗಿ ಅಂದವರೂ ಇದ್ದಾರೆ.

ಕುದುರೆಮುಖದ ಹಳೇ ಗಣಿ ಊರು ನೋಡಬಹುದಾ?

ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ರಸ್ತೆಯಲ್ಲಿ ಹೋಗುವಾಗ ಖಾಲಿ ಮನೆಗಳು ಕಾಣುತ್ತವೆ, ಒಳಗೆ ಹೋಗಿ ನೋಡೋಣ ಅನಿಸುತ್ತದೆ. ಗಣಿ ಪ್ರದೇಶಕ್ಕೆ ಪ್ರವೇಶವಿಲ್ಲ. ಲಕ್ಯಾ ಅಣೆಕಟ್ಟಿನ ಹಿಂದೆ ಗಣಿಯ ಹೂಳು ನಿಂತಿದೆ. ಅದರ ಮೇಲೆ ನಡೆಯುವ ಸಾಹಸ ಬೇಡ. ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಕೊಟ್ಟರೆ ಜೋಪಾನ. ಮಧ್ಯೆ ಎಲ್ಲೋ ಇಳಿದು ತಡವಾದರೆ ಆ ಕಡೆಯ ಗೇಟಿನಲ್ಲಿ ಕೇಳುತ್ತಾರೆ.

ಹಾಗಾದರೆ ಸರಿಯಾಗಿ ಟ್ರೆಕ್ಕಿಂಗ್ ಹೋಗುವುದು ಹೇಗೆ?

2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿದರು. ಆ ಸಾಲಿನ ಚಿತ್ರಗಳು ನೆನಪಿರಬಹುದು. ಅದಾದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರಣ್ಯ ವಿಹಾರ ಎಂಬ ಇಲಾಖೆಯ ಜಾಲತಾಣದ ಮೂಲಕ ಮತ್ತೆ ಶುರುವಾಯಿತು. ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ. ಟಿಕೆಟ್‌ನಲ್ಲಿ ಹೆಸರಿದ್ದವರು ಗುರುತಿನ ಚೀಟಿ ತರಬೇಕು.

ಬೇಸಿಗೆಯ ಬೆಂಕಿ ಸಮಯದಲ್ಲಿ, ಜೋರು ಮಳೆಯಲ್ಲಿ ಕೆಲವು ದಾರಿಗಳನ್ನು ಮುಚ್ಚುತ್ತಾರೆ. ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳಿ. "ನಾವು ಪರ್ಮಿಷನ್ ನೋಡಿಕೊಳ್ತೀವಿ" ಅನ್ನುವ ಟ್ರೆಕ್ಕಿಂಗ್ ಗುಂಪಿನವರ ಹತ್ತಿರ ಟಿಕೆಟ್ ತೋರಿಸಿ ಎಂದು ಕೇಳಿ. ಸಿಕ್ಕಿಬಿದ್ದರೆ ಹೆಸರು ಬರೆಸಬೇಕಾದವರು ನೀವು.

ಬೇರೆ ರಾಜ್ಯಕ್ಕೆ ಹೋದಾಗ?

ಅರುಣಾಚಲ, ನಾಗಾಲ್ಯಾಂಡ್, ಮಿಜೋರಾಂ, ಮಣಿಪುರಕ್ಕೆ ಹೋಗುವ ನಮ್ಮ ದೇಶದವರಿಗೂ ಇನ್ನರ್ ಲೈನ್ ಪರ್ಮಿಟ್ ಬೇಕು. ಸಿಕ್ಕಿಂನ ನಾಥು ಲಾಗೆ ಪ್ರತ್ಯೇಕ ಪರವಾನಗಿ. ಅಂಡಮಾನಿನಲ್ಲಿ ಜಾರವಾ ಜನರ ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಅವರು ನಮ್ಮ ಹಾಗೆ ಮನೆ, ಮಕ್ಕಳು ಇರುವ ಜನ, ನೋಡಲು ಇಟ್ಟ ವಸ್ತುವಲ್ಲ. ಉತ್ತರ ಸೆಂಟಿನೆಲ್ ದ್ವೀಪದ ಸುತ್ತ 5 ನಾಟಿಕಲ್ ಮೈಲಿ ಒಳಗೆ ಹೋಗುವುದೇ ನಿಷಿದ್ಧ. ನಮ್ಮ ರೋಗಗಳನ್ನು ತಡೆದುಕೊಳ್ಳುವ ಶಕ್ತಿ ಅಲ್ಲಿನವರ ಮೈಗೆ ಇಲ್ಲ.

ಹೊರಡುವ ಮುಂಚೆ ಒಂದೇ ಒಂದು ಕೆಲಸ ಮಾಡಬೇಕೆಂದರೆ?

ನೀವು ಉಳಿದುಕೊಂಡಿರುವ ಹೋಂಸ್ಟೇ ಮನೆಯವರಿಗೆ ಹೇಳಿ ಹೊರಡಿ. ಘಟ್ಟದಲ್ಲಿ ಸಿಗ್ನಲ್ ನಂಬಿಕೊಳ್ಳಲು ಬರುವುದಿಲ್ಲ. ಯಾವ ಕಡೆ ಹೋಗುತ್ತಿದ್ದೀರಿ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸ್. ಹೇಳುವಾಗಲೇ "ಆ ಕಡೆ ಬೇಡ, ಅದು ಫಾರೆಸ್ಟ್‌ನೋರ ಜಾಗ" ಅಂತ ಅವರೇ ತಡೆಯುವುದೂ ಉಂಟು. ಮೂಡಿಗೆರೆಯಲ್ಲಿ ನಾವು ಅಂದು ಹೇಳಿ ಹೊರಟಿದ್ದರೆ ಆ ಬೆಂಕಿ ರೇಖೆಗೆ ಇಳಿಯುತ್ತಲೇ ಇರಲಿಲ್ಲ.

ನಮ್ಮ ಗುಂಪಿನವರು ಈಗ ಒಂದು ಚೀಟಿ ಬರೆಯುತ್ತೇವೆ. ಹೆಸರು, ದಾರಿ, ವಾಪಸ್ ಬರುವ ಹೊತ್ತು. ಹೋಂಸ್ಟೇ ಅಡುಗೆಮನೆಯ ಬಾಗಿಲ ಹತ್ತಿರ ಮೊಳೆಗೆ ಸಿಕ್ಕಿಸುತ್ತೇವೆ. ಹೇಳಿದ ಹೊತ್ತಿಗೆ ಒಂದು ಗಂಟೆ ಮೇಲಾದರೆ 112ಕ್ಕೆ ಫೋನ್ ಮಾಡಿ ಅಂತ ಕೆಳಗೆ ಬರೆದಿರುತ್ತೇವೆ. ಬಂದವರೇ ಮೊದಲು ಆ ಚೀಟಿ ಕಿತ್ತು ಮನೆಯವರಿಗೆ ಮುಖ ತೋರಿಸಬೇಕು. ಮರೆತು ರೂಮಿಗೆ ಹೋಗಿ ಮಲಗಿದರೆ ಅವರು ಟಾರ್ಚ್ ಹಿಡಿದು ಹುಡುಕಲು ಹೊರಟಿರುತ್ತಾರೆ.